ಮನೆ ಕಾರು, ಮನೆ ಮಗು ಅಂತ ಕೀ ಕೊಡೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ನಾನು ಶಿವಮೊಗ್ಗದವಳು, ಹದಿನೈದು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೀನಿ, ನಿಮ್ಮ ಪೇಪರ್ ದಿನಾ ಫೋನಲ್ಲೇ ಓದ್ತೀನಿ. ಇಲ್ಲಿಗೆ ಓದೋಕೆ ಬರೋ ಮಕ್ಕಳ ವೀಸಾ, ಫೀಸು, ಲೋನ್ ಬಗ್ಗೆ ನಿಮ್ಮಲ್ಲಿ ಆಗಾಗ ಬರ್ತಿರುತ್ತೆ, ಖುಷಿ ಆಗುತ್ತೆ. ಆದ್ರೆ ರಜೆಗೆ ಇಲ್ಲಿರೋ ಮನೆಗೆ ಬಂದ ಮಕ್ಕಳು ಅಪ್ಪನ ಕಾರೋ ಚಿಕ್ಕಪ್ಪನ ಕಾರೋ ಓಡಿಸೋಕೆ ಬೇಕಾಗೋ ಇನ್ಶೂರೆನ್ಸ್ ವಿಷಯ ಯಾರೂ ಬರೆದಿದ್ದು ನಾನು ನೋಡಿಲ್ಲ. ಕ್ರಿಸ್‌ಮಸ್ ರಜೆ ಹತ್ರ ಬಂತು, ಅದಕ್ಕೇ ಈ ಪತ್ರ.

ನನ್ನ ಮಗಳು ಇಲ್ಲೇ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎರಡನೇ ವರ್ಷ ಓದ್ತಿದ್ದಾಳೆ, ಲೈಸೆನ್ಸ್ ತಗೊಂಡು ಇನ್ನೂ ಎರಡು ವರ್ಷ ಆಗಿಲ್ಲ. ಹೋದ ವಾರ ಊರಲ್ಲಿರೋ ಅಮ್ಮನ ಹತ್ರ ಫೋನಲ್ಲಿ ಮಾತಾಡ್ತಾ, ಅವಳು ರಜೆಗೆ ಬಂದಾಗ ಕಾರಿಗೆ ಐದು ದಿನದ ಇನ್ಶೂರೆನ್ಸ್ ಮಾಡಿಸ್ಬೇಕು ಅಂದೆ. ಅಮ್ಮ, "ಮನೆ ಕಾರು ತಾನೇ, ಓಡಿಸ್ಲಿ ಬಿಡೇ, ಅದಕ್ಯಾಕೆ ಇನ್ನೊಂದು ಇನ್ಶೂರೆನ್ಸು" ಅಂದ್ರು. ಅಮ್ಮ ಹೇಳಿದ್ದು ಊರಿನ ಲೆಕ್ಕಕ್ಕೆ ಸರೀನೇ. ನಮ್ಮಲ್ಲಿ ಇನ್ಶೂರೆನ್ಸ್ ಗಾಡಿದು, ಸರಿಯಾದ ಲೈಸೆನ್ಸ್ ಇರೋ ಯಾರು ಬೇಕಾದ್ರೂ ಓನರ್‌ನ ಕೇಳಿ ಓಡಿಸಬಹುದು, ಓನರ್‌ಗೆ ಅಂತ ಇರೋ 15 ಲಕ್ಷದ ಅಪಘಾತ ಕವರ್ ಒಂದು ಮಾತ್ರ ಬೇರೆಯವರಿಗೆ ಸಿಗಲ್ಲ. ಇಲ್ಲಿ ಹಾಗಲ್ಲ. ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಸಾಮಾನ್ಯವಾಗಿ ಅವರಿಗೆ ಮಾತ್ರ ಕವರ್. ನಮ್ಮ ಮೋಟಾರು ವಾಹನ ಕಾಯ್ದೆನೂ 1988ರದ್ದೇ, ಇಲ್ಲಿಯ ರೋಡ್ ಟ್ರಾಫಿಕ್ ಆಕ್ಟ್ ಕೂಡ 1988ರದ್ದೇ, ಎರಡರಲ್ಲೂ ಥರ್ಡ್ ಪಾರ್ಟಿ ಕಡ್ಡಾಯ, ಆದ್ರೆ ಇನ್ಶೂರೆನ್ಸ್ ನಡೆಯೋ ರೀತಿ ಮಾತ್ರ ಪೂರ್ತಿ ಬೇರೆ.

ನಮಗೆ ಪರಿಚಯದ ಒಂದು ಕನ್ನಡ ಮನೆಯಲ್ಲಿ ಇದೇ ಆಯ್ತು. ಹುಡುಗ ರಜೆಗೆ ಬಂದಿದ್ದ, ಲೈಸೆನ್ಸ್ ಸಿಕ್ಕಿ ಹತ್ತು ತಿಂಗಳು, ಸಂಜೆ ಮನೇಲಿ ಹಾಲು ಮುಗಿದಿತ್ತು ಅಂತ ಅಪ್ಪನೇ ಕೀ ಕೊಟ್ಟು ಕಳಿಸಿದ್ರು. ದಾರೀಲಿ ಬ್ರೇಕ್ ಲೈಟ್ ಒಂದು ಉರೀತಿಲ್ಲ ಅಂತ ಪೊಲೀಸರು ನಿಲ್ಲಿಸಿ ಚೆಕ್ ಮಾಡಿದ್ರು, ಕಾರಿಗೆ ಇನ್ಶೂರೆನ್ಸ್ ಇದೆ ಆದ್ರೆ ಹುಡುಗನ ಹೆಸರು ಇಲ್ಲ. ಕಾರು ಅಲ್ಲೇ ಸೀಜ್ ಮಾಡಿ ಎಳ್ಕೊಂಡು ಹೋದ್ರು, 300 ಪೌಂಡ್ ಫೈನ್, ಲೈಸೆನ್ಸ್ ಮೇಲೆ 6 ಪಾಯಿಂಟ್, ಅಂದ್ರೆ ತಪ್ಪಿಗೆ ಹಾಕೋ ಅಂಕ. ಫೈನ್ ಕಟ್ಟಿದ್ರೆ ಮುಗೀತು ಅಂದ್ಕೊಂಡಿದ್ರು ಪಾಪ. ಆದ್ರೆ ಇಲ್ಲಿ ಹೊಸ ಡ್ರೈವರ್‌ಗಳಿಗೆ ಅಂತ 1995ರ ಕಾನೂನೊಂದಿದೆ, ಟೆಸ್ಟ್ ಪಾಸಾದ ಮೊದಲ 2 ವರ್ಷದಲ್ಲಿ 6 ಪಾಯಿಂಟ್ ಆದ್ರೆ ಲೈಸೆನ್ಸೇ ರದ್ದು. ಮತ್ತೆ ಎಲ್‌ ಬೋರ್ಡು, ಮತ್ತೆ ಥಿಯರಿ, ಮತ್ತೆ ಪ್ರಾಕ್ಟಿಕಲ್. ಆ ಹುಡುಗ ಮೂರನೇ ಸಲಕ್ಕೆ ಪಾಸಾಗಿದ್ದ, ಅವರಮ್ಮ ನನ್ನ ಹತ್ರ ಹೇಳ್ತಾ ಅತ್ತುಬಿಟ್ರು. ಮುಂದೆ ಯಾವ ಇನ್ಶೂರೆನ್ಸ್ ತಗೊಳೋಕೆ ಹೋದ್ರೂ ಈ ವಿಷಯ ಕೇಳ್ತಾರೆ, ಪ್ರೀಮಿಯಂ ಏರುತ್ತೆ. ಇನ್ನೊಂದು ಏನಂದ್ರೆ ಇನ್ಶೂರೆನ್ಸ್ ಇಲ್ಲದವರಿಗೆ ಕೀ ಕೊಟ್ರೆ ಕೊಟ್ಟವರದ್ದೂ ಅಪರಾಧವೇ.

ಇದನ್ನ ತಪ್ಪಿಸೋಕೆ ಅಂತಾನೇ ಟೆಂಪರರಿ ಇನ್ಶೂರೆನ್ಸ್ ಅಂತ ಸಿಗುತ್ತೆ. ಸಾಮಾನ್ಯವಾಗಿ ಒಂದು ಗಂಟೆಯಿಂದ ಹಿಡಿದು 28 ದಿನದ ತನಕ, ಆನ್‌ಲೈನಲ್ಲಿ ಕಾರಿನ ನಂಬರ್, ಲೈಸೆನ್ಸ್ ನಂಬರ್ ಹಾಕಿದ್ರೆ ಕೆಲವೇ ನಿಮಿಷದಲ್ಲಿ ಪಾಲಿಸಿ ಮೇಲ್‌ಗೆ ಬರುತ್ತೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಅಂದ್ರೆ ಇದು ಮಗುವಿನ ಹೆಸರಿನ ಬೇರೆಯದೇ ಪಾಲಿಸಿ, ಏನಾದ್ರೂ ಡಿಕ್ಕಿ ಆಗಿ ಕ್ಲೈಮ್ ಮಾಡಿದ್ರೆ ಅದರ ಮೇಲೆ ಹೋಗುತ್ತೆ, ಅಪ್ಪ ವರ್ಷಗಟ್ಟಲೆ ಕೂಡಿಸಿದ ನೋ ಕ್ಲೈಮ್ ಬೋನಸ್ಸಿಗೆ (ಕ್ಲೈಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಸಾಮಾನ್ಯವಾಗಿ ಏನೂ ಆಗಲ್ಲ. ಅದೇ ನಮ್ಮ ಪಾಲಿಸಿಗೇ ಮಗುವಿನ ಹೆಸರು ಸೇರಿಸಿದ್ರೆ ಪ್ರೀಮಿಯಂ ಹೆಚ್ಚಾಗುತ್ತೆ, ಸೇರಿಸೋಕೆ ಒಂದು ಚಾರ್ಜು, ತೆಗೆಯೋಕೆ ಇನ್ನೊಂದು ಚಾರ್ಜು ಹಾಕೋ ಕಂಪನಿಗಳೂ ಇವೆ, ಕ್ಲೈಮ್ ಆದ್ರೆ ಬೋನಸ್ಸಿಗೂ ಪೆಟ್ಟು. ನನ್ನ ಕೇಳಿದ್ರೆ ಕ್ರಿಸ್‌ಮಸ್, ಈಸ್ಟರ್ ರಜೆಗೆ ಟೆಂಪರರಿ ಸಾಕು, ಅದೂ 28 ದಿನಕ್ಕೂ ಒಟ್ಟಿಗೆ ಬೇಡ, ನಿಜವಾಗಿ ಓಡಿಸೋ ದಿನಕ್ಕೆ ಮಾತ್ರ. ಬೇಸಿಗೆ ರಜೆ ಮೂರು ತಿಂಗಳು ಇರುತ್ತಲ್ಲ, ಅದಕ್ಕೆ ಟೆಂಪರರಿಗೆ ಎಷ್ಟು, ಹೆಸರು ಸೇರಿಸೋಕೆ ಎಷ್ಟು ಅಂತ ಎರಡೂ ರೇಟು ಕೇಳಿ ನೋಡಿ.

ಫಾರಂ ತುಂಬುವಾಗ ಸುಳ್ಳು ಬರೀಬೇಡಿ, ದಯವಿಟ್ಟು. ಕಾರು ಪೂರ್ತಿ ಮಗನೇ ಓಡಿಸ್ತಾನೆ ಆದ್ರೆ ಪ್ರೀಮಿಯಂ ಕಮ್ಮಿ ಆಗ್ಲಿ ಅಂತ ಅಪ್ಪನ್ನ ಮುಖ್ಯ ಡ್ರೈವರ್ ಅಂತ ತೋರಿಸೋದು ನಮ್ಮವರಲ್ಲೂ ನೋಡಿದ್ದೀನಿ, ಇದಕ್ಕಿಲ್ಲಿ ಫ್ರಂಟಿಂಗ್ ಅಂತಾರೆ, ಅದು ವಂಚನೆ, ಕ್ಲೈಮ್ ಹೊತ್ತಲ್ಲಿ ಸಿಕ್ಕಿಬಿದ್ರೆ ಬರಿಗೈ. ರಜೆಯಲ್ಲಿ ಮಕ್ಕಳು ಊಟ ಡೆಲಿವರಿ ಕೆಲಸಕ್ಕೂ ಕಾರು ತಗೊಂಡು ಹೋಗ್ತಾರೆ, ಮಾಮೂಲಿ ಪಾಲಿಸಿಯಲ್ಲಿ ಅದಕ್ಕೆ ಕವರ್ ಇರಲ್ಲ, ಅದಕ್ಕೆ ಬೇರೇನೇ ಪಾಲಿಸಿ ಇದೆ. ಅಪಘಾತ ಆದ್ರೆ ನಾವು ಕೈಯಿಂದ ಕಟ್ಟಬೇಕಾದ ಮೊತ್ತ ಚಿಕ್ಕ ವಯಸ್ಸಿನವರಿಗೆ ಜಾಸ್ತಿ ಇರುತ್ತೆ, ಅದನ್ನೂ ಓದಿಕೊಳ್ಳಿ. ಮತ್ತೆ ವಾಟ್ಸಾಪಲ್ಲೋ ಇನ್‌ಸ್ಟಾಗ್ರಾಮಲ್ಲೋ ಅರ್ಧ ರೇಟಿಗೆ ಪಾಲಿಸಿ ಕೊಡಿಸ್ತೀನಿ ಅನ್ನೋರ ಹತ್ರ ಹೋಗಲೇಬೇಡಿ, ನಕಲಿ ಪೇಪರ್ ಕೊಟ್ಟು ಮಾಯ ಆಗೋ ದಂಧೆ ಇಲ್ಲಿದೆ, ಮೋಸ ಹೋದವರು ಸ್ಟೂಡೆಂಟ್ಸ್ ಅಂತ ಪೊಲೀಸರು ಬಿಡಲ್ಲ, ಇನ್ಶೂರೆನ್ಸ್ ಇಲ್ಲ ಅಂತಾನೇ ಲೆಕ್ಕ.

ಊರಿಂದ ಮಾಸ್ಟರ್ಸ್ ಮಾಡೋಕೆ ಬಂದ ಮಕ್ಕಳು ರಜೆಗೆ ಇಲ್ಲಿರೋ ದೊಡ್ಡಪ್ಪ, ಅತ್ತೆ ಮನೆಗೆ ಬರ್ತಾರಲ್ಲ, ಅವರ ಅಪ್ಪ ಅಮ್ಮಂದಿರು ಇದನ್ನ ಖಂಡಿತ ಓದ್ಬೇಕು. ನಮ್ಮ ಇಂಡಿಯಾ ಲೈಸೆನ್ಸಲ್ಲಿ ಇಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ಇಲ್ಲೇ ಟೆಸ್ಟ್ ಪಾಸ್ ಮಾಡ್ಬೇಕು, ಬದಲಾಯಿಸಿ ಕೊಡಲ್ಲ. ಆದ್ರೆ ಲೈಸೆನ್ಸ್ ನಡೆಯುತ್ತೆ ಅಂದ್ರೆ ಇನ್ಶೂರೆನ್ಸ್ ಸಿಕ್ಕೇ ಸಿಗುತ್ತೆ ಅಂತ ಅಲ್ಲ, ಟೆಂಪರರಿ ಕೊಡೋ ಎಲ್ಲರೂ ಹೊರದೇಶದ ಲೈಸೆನ್ಸ್ ಒಪ್ಪಲ್ಲ, ವಯಸ್ಸು ಇಷ್ಟಾಗಿರ್ಬೇಕು ಅಂತನೂ ಒಬ್ಬೊಬ್ರದ್ದು ಒಂದೊಂದು ರೂಲ್. ಸ್ವಂತ ಅಕ್ಕನ ಮಗನಿಗೆ ಕೀ ಕೊಡಲ್ಲ ಅಂದ್ರೆ ಬೇಜಾರು ಮಾಡ್ಕೋತಾರೆ ಅನ್ನೋ ಸಂಕೋಚಕ್ಕೇ ಎಷ್ಟೋ ಜನ ಕೊಟ್ಟುಬಿಡ್ತಾರೆ. ಊರಲ್ಲಿರೋರು ನೀವೇ ಮಕ್ಕಳಿಗೆ ಫೋನಲ್ಲಿ ಒಂದು ಮಾತು ಹೇಳಿಬಿಡಿ, "ಕಾರು ಕೇಳೋ ಮುಂಚೆ ನಿನ್ನ ಹೆಸರಲ್ಲಿ ಇನ್ಶೂರೆನ್ಸ್ ಮಾಡಿಸ್ಕೋ" ಅಂತ, ಇಲ್ಲಿರೋರಿಗೆ ಸಂಕೋಚ ತಪ್ಪುತ್ತೆ.

ವಿದೇಶ ಶಿಕ್ಷಣದ ಪುಟದಲ್ಲಿ ಒಂದು ಮೂಲೇಲಿ ಜಾಗ ಸಿಕ್ಕಿದ್ರೂ ಸಾಕು, ಡಿಸೆಂಬರ್ ಮಧ್ಯದೊಳಗೆ ಹಾಕಿ, ಆಮೇಲೆ ಮಕ್ಕಳೆಲ್ಲ ರಜೆಗೆ ಹೊರಟುಬಿಟ್ಟಿರ್ತಾರೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ರೆಡಿಂಗ್, ಇಂಗ್ಲೆಂಡ್