ಒಬ್ಬರೇ ಗುರು ಸಾಲದು, ಗೆಳೆಯಾ

ಪ್ರಿಯ ಗೆಳೆಯಾ,

ನಿನ್ನ ಪತ್ರದಲ್ಲಿ ಹೊಸ ಕೆಲಸದ ಸುದ್ದಿಗಿಂತ ‘ಕೇಳೋಣವೆಂದರೆ ಇಲ್ಲಿ ಯಾರೂ ಇಲ್ಲ’ ಎಂಬ ಸಾಲೇ ಮನಸ್ಸಿನಲ್ಲಿ ಉಳಿಯಿತು. ಎಂ.ಡಿ. ಮುಗಿಯುವವರೆಗೆ ಗೈಡ್ ಇರುತ್ತಾರೆ. ಪ್ರಬಂಧಕ್ಕೆ ಅವರ ಸಹಿ ಬಿದ್ದ ಮೇಲೆ ನಮ್ಮ ಪಾಡಿಗೆ ನಾವು. ಒಪಿಡಿ, ತರಗತಿ, ಶಿಬಿರ ಎಲ್ಲ ಮುಗಿಸಿ ರಾತ್ರಿ ಸಂಶೋಧನೆಗೆ ಕೂರಬೇಕು.

ನೀನು ಒಪ್ಪಿದ್ದೆಯಲ್ಲ, ಗರ್ಭಿಣಿಯರ ರಕ್ತಹೀನತೆ ಕುರಿತ ನಿನ್ನ ಯೋಜನೆಯನ್ನು ಆ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರಿಗೆ ತೋರಿಸಿದೆ. ಓದುತ್ತಲೇ ಎರಡು ಕಡೆ ಪೆನ್ಸಿಲ್‌ನಿಂದ ಗೆರೆ ಎಳೆದರು. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಸಿಗುವ ಹಿಮೋಗ್ಲೋಬಿನ್ ಅಳತೆಯೂ ತೋಳಿನ ರಕ್ತನಾಳದಿಂದ ತೆಗೆದ ರಕ್ತದ ಅಳತೆಯೂ ಒಂದೇ ಆಗಿರಬೇಕಿಲ್ಲ. ಬೆರಳನ್ನು ಹಿಂಡಿದರಂತೂ ಅಂಗಾಂಶದ ದ್ರವ ಸೇರಿ ಲೆಕ್ಕ ಕೆಡುತ್ತದೆ. ಇದು ಮೊದಲನೆಯದು. ಎರಡನೆಯದು, ಹಿಮೋಗ್ಲೋಬಿನ್ ಎಷ್ಟಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನಲು ನೀನು ಇಡೀ ಗರ್ಭಾವಸ್ಥೆಗೆ ಡೆಸಿಲೀಟರಿಗೆ 11 ಗ್ರಾಂ ಎಂದು ಮಿತಿ ಹಾಕಿದ್ದೀಯ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡನೇ ತ್ರೈಮಾಸಿಕಕ್ಕೆ ಅದನ್ನು 10.5 ಮಾಡಿದೆ. ಇವನ್ನು ಈಗ ಹೇಳುವವರಿಲ್ಲದಿದ್ದರೆ, ಹಳ್ಳಿ ಹಳ್ಳಿ ಸುತ್ತಿ ಮಾಹಿತಿ ತಂದ ಮೇಲೆ ಜರ್ನಲ್‌ನ ವಿಮರ್ಶಕರಿಂದ ಕೇಳಬೇಕಾಗುತ್ತಿತ್ತು. ಆಗ ನಿನ್ನನ್ನು ನಂಬಿ ಬೆರಳು ಚಾಚಿದ ಹೆಂಗಸರಿಗೆ ಏನೆಂದು ಉತ್ತರ ಕೊಡುತ್ತಿದ್ದೆ?

ಹಾಗೆಂದು ಎಲ್ಲವನ್ನೂ ಬಲ್ಲ ಒಬ್ಬ ಗುರುವಿಗಾಗಿ ಕಾಯಬೇಡ. ವಿಷಯ ಬಲ್ಲವರೊಬ್ಬರು, ಸಂಖ್ಯಾಶಾಸ್ತ್ರ ಬಲ್ಲವರೊಬ್ಬರು ಬೇಕು. ಇವರಲ್ಲದೆ ನಿನ್ನ ಬಡ್ತಿ, ರಜೆ, ಸಹಿ ಯಾವುದೂ ಯಾರ ಕೈಯಲ್ಲಿಲ್ಲವೋ ಅಂಥ ಹೊರಗಿನವರೊಬ್ಬರು ಬೇಕೇ ಬೇಕು. ಏನೂ ಕೆಲಸ ಮಾಡದ ಮುಖ್ಯಸ್ಥರ ಹೆಸರನ್ನು ಲೇಖನಕ್ಕೆ ಸೇರಿಸಬೇಕೇ ಎಂದು ಮುಖ್ಯಸ್ಥರನ್ನೇ ಕೇಳಲಾದೀತೇ? ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತು ಹಾಕಿದೆ, ನಾಲ್ಕನ್ನೂ ಪೂರೈಸಬೇಕು. ಅದನ್ನು ಮುಂದಿಟ್ಟುಕೊಂಡು, ಕೆಲಸ ಶುರುವಾಗುವ ಮೊದಲೇ ಯಾರ ಹೆಸರು ಎಲ್ಲಿ ಎಂಬುದನ್ನು ಎಲ್ಲರೂ ಕೂತು ಬರೆದಿಟ್ಟುಕೊಳ್ಳಿ. ಆಮೇಲೆ ಮಾತನಾಡೋಣ ಎಂದರೆ ಮನಸ್ಸುಗಳು ಕೆಡುತ್ತವೆ.

ಆರೋಗ್ಯ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ ಸಂಸ್ಥೆಯ ಫೆಲೋಶಿಪ್‌ಗಳ ಮೇಲೆ, ಅವರು ನಡೆಸುವ ಬರವಣಿಗೆ ಕಾರ್ಯಾಗಾರಗಳ ಮೇಲೆ ಕಣ್ಣಿಟ್ಟಿರು. ಬೆಂಗಳೂರಿನ ಇಂಡಿಯಾ ಬಯೋಸೈನ್ಸ್‌ನವರ ಯುವ ಸಂಶೋಧಕರ ಸಮಾವೇಶ 2009ರಿಂದ ನಡೆದುಬಂದಿದೆ; ಅಲ್ಲಿ ಜೀವವಿಜ್ಞಾನಿಗಳೇ ಹೆಚ್ಚು, ಆದರೆ ಹಿರಿಯರೂ ಕಿರಿಯರೂ ಒಟ್ಟಿಗೆ ಕೂತು ಮಾತನಾಡುವ ಅಂಥ ಅವಕಾಶ ನಮ್ಮಲ್ಲಿ ಅಪರೂಪ.

ಯಾರಿಗಾದರೂ ಬರೆಯುವಾಗ ‘ಮಾರ್ಗದರ್ಶನ ಮಾಡಿ’ ಎಂದಷ್ಟೇ ಬರೆಯಬೇಡ, ಏನು ಮಾಡಬೇಕೆಂದು ಅವರಿಗೆ ತೋಚುವುದಿಲ್ಲ. ಒಂದು ಪುಟದ ಯೋಜನೆಯ ಜೊತೆ ‘ಬೆರಳಿನ ರಕ್ತ ಸಾಕೇ ಸಾರ್?’ ಎಂಬಂಥ ಒಂದೇ ಪ್ರಶ್ನೆ ಇರಲಿ. ಉತ್ತರ ಬಂದರೆ ಅದರಿಂದ ಏನು ಬದಲಿಸಿದೆ ಎಂದು ತಪ್ಪದೆ ತಿಳಿಸು. ಎರಡನೇ ಪತ್ರಕ್ಕೆ ಅವರು ಬೇಗ ಉತ್ತರಿಸುತ್ತಾರೆ, ನೋಡು.

ತಿದ್ದಿದ ಕರಡನ್ನು ಎಥಿಕ್ಸ್ ಕಮಿಟಿಗೆ ಕೊಡುವ ಮೊದಲು ನನಗೆ ಕಳಿಸು. ಎಷ್ಟು ಜನ ಗರ್ಭಿಣಿಯರು ಬೇಕೆಂಬ ಲೆಕ್ಕವನ್ನು ನಾನೇ ಕೂತು ನೋಡಿಕೊಡುತ್ತೇನೆ.

ನಿನ್ನ ಗೆಳೆಯ