ಟೋಟಲ್ ಅಲ್ಲ, ಬೇಸಿಕ್ ಕೇಳಿ

ಮಾನ್ಯ ಸಂಪಾದಕರೇ,

ಎಲ್ಲ ಕಡೆ ನೌಕರಿ ಕಡಿತದ ಸುದ್ದಿ ಇರುವಾಗಲೂ ಭಟ್ಕಳ, ಹೊನ್ನಾವರ, ಕಾರವಾರದಿಂದ ದುಬೈ, ಶಾರ್ಜಾಕ್ಕೆ ಹೊರಡುವವರು ನಿಂತಿಲ್ಲ. ಏಜೆಂಟರ ಹತ್ತಿರ ಇವರು ಮೊದಲು ಕೇಳುವುದು ‘ಟೋಟಲ್ ಎಷ್ಟು?’ ಎಂದು. ಕೇಳಬೇಕಾದ್ದು ಬೇಸಿಕ್, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ವೇತನ, ಎಷ್ಟು ಎಂದು. ಕೆಲಸ ಇರುವಷ್ಟು ದಿನ ಇದರ ಬಿಸಿ ತಟ್ಟುವುದಿಲ್ಲ.

ತಿಂಗಳಿಗೆ 4,000 ದಿರ್ಹಮ್‌ನ ಎರಡು ಆಫರ್ ಇವೆ ಎನ್ನಿ. ಒಂದರಲ್ಲಿ ಬೇಸಿಕ್ 1,500. ಉಳಿದದ್ದು ಬಾಡಿಗೆ, ಓಡಾಟ, ‘ಇತರೆ’. ಇನ್ನೊಂದರಲ್ಲಿ ಬೇಸಿಕ್ 2,500. ಯುಎಇ ಕಾನೂನಿನಂತೆ ಮೊದಲ ಐದು ವರ್ಷಗಳಿಗೆ, ವರ್ಷಕ್ಕೆ 21 ದಿನದ ಬೇಸಿಕ್ ಗ್ರಾಚ್ಯುಟಿಯಾಗಿ, ಅಂದರೆ ಕೆಲಸ ಮುಗಿದಾಗ ಕೊಡುವ ಇಡುಗಂಟಾಗಿ ಸಿಗುತ್ತದೆ. ಐದು ವರ್ಷ ದುಡಿದವನಿಗೆ ಮೊದಲ ಆಫರಿನಲ್ಲಿ ಕೈಗೆ ಬರುವುದು 5,250 ದಿರ್ಹಮ್, ಎರಡನೆಯದರಲ್ಲಿ 8,750. ವರ್ಷ ತುಂಬುವ ಮೊದಲೇ ಕೆಲಸ ಹೋದರೆ ಎರಡರಲ್ಲೂ ಸೊನ್ನೆ.

ಅಲ್ಲಿನ ನಿರುದ್ಯೋಗ ವಿಮೆಯೂ ಬೇಸಿಕ್ ಮೇಲೆಯೇ ನಿಂತಿದೆ. 2023ರ ಜನವರಿಯಿಂದ ಇದು ಕಡ್ಡಾಯ. ಕಂತು ಕಟ್ಟಬೇಕಾದವನು ನೌಕರನೇ. ಬೇಸಿಕ್ 16,000 ದಿರ್ಹಮ್‌ವರೆಗೆ ಇದ್ದರೆ ತಿಂಗಳಿಗೆ 5 ದಿರ್ಹಮ್. ಸತತ 12 ತಿಂಗಳು ಕಟ್ಟಿದವನನ್ನು ಕಂಪನಿ ತೆಗೆದರೆ ಬೇಸಿಕ್‌ನ ಶೇ 60ರಷ್ಟು ಹಣ ಹೆಚ್ಚೆಂದರೆ ಮೂರು ತಿಂಗಳು ಬರುತ್ತದೆ. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 900 ಅಥವಾ 1,500. ಮನೆಗೆಲಸದವರಿಗೆ ಈ ವಿಮೆ ಇಲ್ಲ.

ಈ ಹಣ ಕೈತಪ್ಪುವುದು ಮೂರು ಕಡೆ. ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕದಿರುವುದು ಒಂದು. ‘ನೀವೇ ರಾಜೀನಾಮೆ ಕೊಡಿ, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಚೆನ್ನಾಗಿ ಬರೆದುಕೊಡುತ್ತೇವೆ’ ಎಂದು ಎಚ್‌ಆರ್ ಹೇಳಿದ ಕೂಡಲೇ ಸಹಿ ಹಾಕುವುದು ಇನ್ನೊಂದು. ತಾನಾಗಿ ಬಿಟ್ಟವನಿಗೆ ವಿಮೆ ಇಲ್ಲ. ಮೂರನೆಯದು, ಸಿಟ್ಟಿಗೋ ಸಂಕಟಕ್ಕೋ ಅದೇ ವಾರ ಗೋವಾ ವಿಮಾನ ಹತ್ತುವುದು. ದೇಶ ಬಿಟ್ಟರೆ ಪಾವತಿ ನಿಲ್ಲುತ್ತದೆ. ಕರಾರು ಮುಗಿದ 14 ದಿನದಲ್ಲಿ ಕಂಪನಿ ಬಾಕಿಯೆಲ್ಲ ಕೊಡಬೇಕು, ಬೇರೆ ಕೆಲಸಕ್ಕೆ ಸೇರದವನಿಗೆ ಊರಿನ ಟಿಕೆಟ್ಟೂ ಕೊಡಬೇಕು. ಅದನ್ನು ಕೇಳಿ ಪಡೆಯದೆ ಸ್ವಂತ ದುಡ್ಡಿನಲ್ಲಿ ಬರುವವರೇ ಬಹಳ.

ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ, ಅಂದರೆ ಕೆಲಸಕ್ಕೆ ಹೊರಡುವ ಮೊದಲು ನಮ್ಮ ಸರ್ಕಾರ ಕೊಡುವ ಒಪ್ಪಿಗೆ, ಬೇಕಿಲ್ಲ. ಓಡಾಟ ಉಳಿಯಿತು, ನಿಜ. ಆದರೆ ಅವರ ಕರಾರುಪತ್ರವನ್ನು ಇಲ್ಲಿ ಸರ್ಕಾರದ ಯಾರೂ ತೆರೆದು ನೋಡುವುದೂ ಇಲ್ಲ. ವಲಸೆ ಅನುಮತಿ ಬೇಕಾದವರಿಗೆ 275 ರೂಪಾಯಿಗೆ ಎರಡು ವರ್ಷ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ಅಪಘಾತ ವಿಮೆ ಕಡ್ಡಾಯ. ಹತ್ತನೇ ಪಾಸಾದವರಿಗೆ ಆ ಕಡ್ಡಾಯವೂ ಇಲ್ಲ. ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಆತನ ಲೈಸೆನ್ಸ್ ನಂಬರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಲು ಐದು ನಿಮಿಷ ಸಾಕು. ವಿಸಿಟ್ ವೀಸಾದಲ್ಲಿ ‘ಹೋಗಿ ನೋಡೋಣ’ ಎನ್ನುವವರಿಗೆ ಇಲ್ಲಿ ಹೇಳಿದ ಯಾವುದೂ ಅನ್ವಯಿಸದು.

ಯುಎಇ ಕಾರ್ಮಿಕ ಇಲಾಖೆಯ ಆಫರ್ ಲೆಟರ್ ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಉರ್ದು, ಮಲಯಾಳಂ, ತಮಿಳಿನಲ್ಲಿ ಸಿಗುತ್ತದೆ. ಕನ್ನಡದಲ್ಲಿಲ್ಲ. ಭಟ್ಕಳದವರು ಉರ್ದು ಪ್ರತಿ ಓದಿಕೊಂಡಾರು. ಅಂಕೋಲೆಯ ವೆಲ್ಡರ್ ಏನು ಮಾಡಬೇಕು? ಜಿಲ್ಲೆಯ ಉದ್ಯೋಗ ಮೇಳಗಳಲ್ಲಿ ವಿದೇಶಿ ಕೆಲಸದ ಜಾಹೀರಾತು ಇದ್ದರೆ ಬೇಸಿಕ್ ಮೊತ್ತ ಬೇರೆಯಾಗಿ ಬರೆಯುವಂತೆ ಜಿಲ್ಲಾಡಳಿತ ಷರತ್ತು ಹಾಕಲಿ. ಕಾರವಾರದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಾರಕ್ಕೊಂದು ದಿನವಾದರೂ, ಸಹಿ ಹಾಕುವ ಮೊದಲು ಆಫರ್ ಲೆಟರನ್ನು ಕನ್ನಡದಲ್ಲಿ ಓದಿ ಹೇಳುವವರೊಬ್ಬರು ಕೂರಲಿ.

— ವಿದೇಶಿ ಉದ್ಯೋಗದ ಕಾಗದಪತ್ರ ಬಲ್ಲ ಓದುಗರು, ಕಾರವಾರ