ಲಾರಿ ಮಾರ್ಗದ ಗ್ರಾಮಕ್ಕೆ ಬಸ್ ತಂಗುದಾಣ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕಲಬುರಗಿ ಜಿಲ್ಲೆ, ಕಲಬುರಗಿ.

ಮಾನ್ಯರೆ,

ವಿಷಯ: ಸಿಮೆಂಟ್ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯನ್ನು ಲಾರಿ ಮಾರ್ಗದ ಗ್ರಾಮಗಳ ಸಾರಿಗೆ ಸೌಕರ್ಯಕ್ಕೆ ಬಳಸುವ ಕುರಿತು.

ಸೇಡಂ ತಾಲ್ಲೂಕಿನಲ್ಲಿ ಸುಣ್ಣದ ಕಲ್ಲಿನ ಗಣಿಗೂ ಸಿಮೆಂಟ್ ಕಾರ್ಖಾನೆಗೂ ನಡುವೆ ಇರುವ ಗ್ರಾಮದ ನಿವಾಸಿಗಳಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಹಗಲು ರಾತ್ರಿ ಲಾರಿ ಓಡುವ ನಮ್ಮ ರಸ್ತೆಯಲ್ಲಿ ಬಸ್ಸು ಬದಿಗೆ ಸರಿದು ನಿಲ್ಲಲು ಜಾಗವೇ ಇಲ್ಲದ್ದರಿಂದ ಚಾಲಕರು ಎಷ್ಟೋ ಸಲ ನಿಲ್ಲಿಸದೆ ಹೋಗುತ್ತಾರೆ; ಹಿಂದೆ ತುಂಬಿದ ಲಾರಿ ಬರುತ್ತಿರುವಾಗ ಅವರನ್ನು ದೂರುವುದೂ ಸರಿಯಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದ್ದರೂ, ಕಾಲೇಜಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಬಸ್ಸು ನಿಲ್ಲದ ದಿನ ಟಂಟಂ ಆಟೋಗೆ ದುಡ್ಡು ತೆರುತ್ತಾರೆ, ಇಲ್ಲವೇ ಧೂಳಿನಲ್ಲಿ ನಡೆಯುತ್ತಾರೆ.

ಇದೇ ರಸ್ತೆಯಲ್ಲಿ ಕಲ್ಲು ಸಾಗಿಸುವ ಕಂಪನಿಯೊಂದು ಕಲಬುರಗಿ ನಗರದಲ್ಲಿ ತಂಗುದಾಣ ಕಟ್ಟಿಸಿ, ಅದರ ಮೂರೂ ಬದಿಗೆ ತನ್ನ ಸಿಮೆಂಟಿನ ಜಾಹೀರಾತು ಹಾಕಿ, ಸುಸ್ಥಿರ ಸಾರಿಗೆಗೆ ತನ್ನ ಕೊಡುಗೆ ಎಂದು ಬರೆಸಿದೆ. ಮೇ ತಿಂಗಳ ಬಿಸಿಲಿನಲ್ಲಿ ನಗರದವರಿಗೂ ನೆರಳು ಬೇಕು, ನಮ್ಮ ತಕರಾರು ನೆರಳಿನ ಮೇಲಲ್ಲ. ಆದರೆ ಕಂಪನಿ ಕಾಯ್ದೆ 2013ರ 135ನೇ ಕಲಂ, ಅದರ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ವ್ಯಯಿಸಬೇಕೆಂದು ವಿಧಿಸುವುದರ ಜೊತೆಗೆ, ತಾವು ಕೆಲಸ ನಡೆಸುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಹೇಳುತ್ತದೆ. ತಮ್ಮ ಸರಕಿನ ಪ್ರಚಾರದ ಲಾಭಕ್ಕಾಗಿ ನೀಡುವ ಪ್ರಾಯೋಜಕತ್ವವನ್ನಂತೂ ನಿಯಮಗಳು ಸಿಎಸ್‌ಆರ್ ಎಂದು ಒಪ್ಪುವುದೇ ಇಲ್ಲ.

ರಸ್ತೆಗೆ ನೀರು ಸಿಂಪಡಿಸಿ ಲಾರಿಗಳಿಗೆ ತಾಡಪತ್ರಿ ಹೊದಿಸುತ್ತಿದ್ದೇವಲ್ಲ ಎಂಬ ಉತ್ತರ ಬರಬಹುದು. ಹೂಬಿಟ್ಟ ತೊಗರಿಯ ಮೇಲೆ ಧೂಳು ಕೂರದಂತೆ ನೋಡಿಕೊಳ್ಳುವುದು ಅವರ ಕರ್ತವ್ಯ. ಬೇರೆ ಕಾನೂನು ವಿಧಿಸಿದ ಕರ್ತವ್ಯದ ಖರ್ಚನ್ನು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಈ ಹಣದ ಬಗ್ಗೆ ನಿರ್ಧರಿಸುವುದು ಕಂಪನಿಯ ಆಡಳಿತ ಮಂಡಳಿಯೇ ಎಂಬುದನ್ನು ನಾವು ಬಲ್ಲೆವು. ಆದಾಗ್ಯೂ ತಾವು ಕರೆದರೆ ಅವರು ಬರುತ್ತಾರೆ, ನಾವು ಕರೆದರೆ ಗೇಟಿನಲ್ಲೇ ಅರ್ಜಿ ಪಡೆದು ಕಳಿಸುತ್ತಾರೆ. ಆದ್ದರಿಂದ ಕಂಪನಿಯ ಸಿಎಸ್‌ಆರ್ ಸಮಿತಿ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ, ಲೋಕೋಪಯೋಗಿ ಇಲಾಖೆ ಹಾಗೂ ನಮ್ಮ ಗ್ರಾಮ ಪಂಚಾಯಿತಿಯ ಸಭೆ ಕರೆದು, ಬಸ್ಸು ರಸ್ತೆಯಿಂದ ಸರಿದು ನಿಲ್ಲುವ ಜಾಗ, ಗಾಲಿಕುರ್ಚಿ ಹತ್ತುವಂಥ ಇಳಿಜಾರುಳ್ಳ ತಂಗುದಾಣ, ಅಲ್ಲಿಂದ ಶಾಲೆಯವರೆಗೆ ಕಾಲುದಾರಿ ಮತ್ತು ದೀಪ ಮಾಡಿಸಿಕೊಡಬೇಕೆಂದೂ, ಮುಂದಿನ ನಿರ್ವಹಣೆ ಯಾರದೆಂಬುದನ್ನು ಕಟ್ಟುವ ಮೊದಲೇ ಬರಹದಲ್ಲಿ ಪಡೆದು, ಖರ್ಚಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಬೇಕೆಂದೂ ಕೋರುತ್ತೇವೆ.

ಗ್ರಾಮಸ್ಥರ ಸಹಿಗಳನ್ನು ಲಗತ್ತಿಸಿದೆ.

ತಮ್ಮ ವಿಶ್ವಾಸಿಗಳು,
ಗ್ರಾಮದ ನಿವಾಸಿಗಳು